ಕಪ್ಪು ಗುಡಾರ ದಾಟಿದ ಮೇಲೆ ಬಲಕ್ಕೆ

ಮಾದಬಾದ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ವಸ್ಫಿಗೆ ಊರವರು ಇಟ್ಟ ಇನ್ನೊಂದು ಹೆಸರು ಅರ್ಧದಾರಿ. ಎಂಟು ವರ್ಷಗಳಲ್ಲಿ ಒಂಬತ್ತು ಕಾರು ರ‍್ಯಾಲಿಗಳಿಗೆ ಹೊರಟು ಒಂದನ್ನೂ ಮುಗಿಸದ ಮನುಷ್ಯನಿಗೆ ಇದಕ್ಕಿಂತ ಮರ್ಯಾದೆಯ ಹೆಸರು ಸಿಗುವುದು ಕಷ್ಟವೇ. ಒಂದು ಸಲ ರೇಡಿಯೇಟರ್ ಬಾಯಿ ಬಿಟ್ಟಿತ್ತು. ಒಂದು ಸಲ ಹಿಂದಿನ ಚಕ್ರ ಕಳಚಿಕೊಂಡು ಕಾರಿಗಿಂತ ಮುಂದೆ ಹೋಗಿತ್ತು. ಇನ್ನೊಂದು ಸಲ ಏನೂ ಆಗದೆ ಎಲ್ಲ ಸರಿಯಾಗಿಯೇ ನಡೆಯುತ್ತಿದ್ದಾಗ, ಕೊನೆಯ ಹಂತ ಮುಗಿಯಲು ನಾಲ್ಕು ಕಿಲೋಮೀಟರ್ ಇರುವಾಗ, ಪೆಟ್ರೋಲು ಮುಗಿದಿತ್ತು. ಆ ದಿನದ ಬಗ್ಗೆ ಅವನೆದುರು ಯಾರೂ ಮಾತೆತ್ತುವುದಿಲ್ಲ, ಬೆನ್ನ ಹಿಂದೆ ಎಲ್ಲರೂ ಎತ್ತುತ್ತಾರೆ.

ಅವನಿಗೆ ಬೇಕಾಗಿದ್ದುದು ಗೆಲುವಲ್ಲ. ಗೆಲ್ಲುವವರು ರಾಜಧಾನಿ ಅಮ್ಮಾನಿನಿಂದ ಬರುವ ದುಡ್ಡಿನವರು, ಅವರ ಕಾರುಗಳ ಚಕ್ರದ ಬೆಲೆಗೆ ವಸ್ಫಿಯ ಇಡೀ ಕಾರು ಬರುತ್ತದೆ. ರ‍್ಯಾಲಿಯ ಮಾರನೆಯ ದಿನ ಮೋಟಾರು ಸಂಘದವರು ಕಚೇರಿಯ ಬಾಗಿಲಿಗೆ ಒಂದು ಹಾಳೆ ಅಂಟಿಸುತ್ತಾರೆ. ಮೇಲೆ ಮುಗಿಸಿದವರ ಹೆಸರು, ಮುಂದೆ ಸ್ಥಾನ, ಅದರ ಮುಂದೆ ಹೊತ್ತು. ಆಮೇಲೆ ಒಂದು ಗೆರೆ. ಗೆರೆಯ ಕೆಳಗೆ ಮುಗಿಸದವರು, ಸ್ಥಾನವೂ ಇಲ್ಲ, ಹೊತ್ತೂ ಇಲ್ಲ. ಒಂಬತ್ತು ಸಲ ಗೆರೆಯ ಕೆಳಗೆ ಬಿದ್ದಿದ್ದ ವಸ್ಫಿಗೆ ಗೆರೆಯ ಮೇಲಿನ ಒಂದು ಸಾಲು ಬೇಕಾಗಿತ್ತು. ಕಟ್ಟಕಡೆಯ ಸಾಲಾದರೂ ಸರಿ, ಮೇಲಿರಬೇಕು, ಅಷ್ಟೆ. ಹೆಂಡತಿ ಇಬ್ತಿಹಾಲ್ ಇದನ್ನು ಕೇಳಿ ಕೇಳಿ ಸಾಕಾಗಿ, ಬೇಕಾದರೆ ನಾನೇ ಒಂದು ಹಾಳೆ ಬರೆದು ಅಡುಗೆಮನೆಯ ಬಾಗಿಲಿಗೆ ಅಂಟಿಸುತ್ತೇನೆ, ಶುಕ್ರವಾರದ ರಜೆಗೆ ಮನೆಯಲ್ಲಿ ಬಿದ್ದಿರು ಎಂದಿದ್ದಳು.

ಹತ್ತನೆಯ ರ‍್ಯಾಲಿ ಏಪ್ರಿಲ್ ಬಿಸಿಲಿನಲ್ಲಿ, ಮಾದಬಾದ ಬೆಟ್ಟಗಳಿಂದ ಮೃತ ಸಮುದ್ರದ ಕಡೆಗೆ ಇಳಿಯುವ ಮಣ್ಣಿನ ದಾರಿಗಳಲ್ಲಿ. ಒಂದೇ ದಿನ, ನಾಲ್ಕು ಹಂತ. ನಂಬಲು ಕಷ್ಟ, ಆದರೆ ಮೂರು ಹಂತ ಕಳೆಯುವವರೆಗೆ ವಸ್ಫಿಯ ಕಾರಿನಿಂದ ಒಂದು ಬೋಲ್ಟೂ ಉದುರಲಿಲ್ಲ. ನಾಲ್ಕನೆಯದು ಹದಿನೈದು ಕಿಲೋಮೀಟರ್. ಅದರ ಕೊನೆಯಲ್ಲಿ ಎರಡು ಕಬ್ಬಿಣದ ಕಂಬಗಳ ನಡುವೆ ಒಂದು ಬಟ್ಟೆ ಕಟ್ಟಿರುತ್ತಾರೆ, ಅದರ ಮೇಲೆ ‘ಮುಕ್ತಾಯ’ ಎಂದು ಬರೆದಿರುತ್ತದೆ ಎಂದು ವಸ್ಫಿ ಕೇಳಿದ್ದ. ಕಂಡಿರಲಿಲ್ಲ.

ಪಕ್ಕದ ಸೀಟಿನಲ್ಲಿ ಎಂದಿನಂತೆ ಜಿರ್ಯೆಸ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ, ಯಾರ ಮನಸ್ಸನ್ನೂ ನೋಯಿಸದ, ನೋಯಿಸದೇ ಎದುರಿನವನ ಪ್ರಾಣ ತಿನ್ನುವ ಮನುಷ್ಯ. ರ‍್ಯಾಲಿಗೆ ಎರಡು ದಿನ ಮೊದಲು ಎಲ್ಲರಿಗೂ ದಾರಿಯಲ್ಲಿ ನಿಧಾನವಾಗಿ ಎರಡು ಸಲ ಓಡಾಡಲು ಬಿಡುತ್ತಾರೆ. ಓಡಿಸುವವನು ನೋಡಿ ನೋಡಿ ಹೇಳಬೇಕು, ಪಕ್ಕದವನು ಬರೆದುಕೊಳ್ಳಬೇಕು: ಇಲ್ಲಿ ಎಡಕ್ಕೆ, ಇಲ್ಲಿ ದಿಬ್ಬ, ಇಲ್ಲಿ ಹಳ್ಳ. ರ‍್ಯಾಲಿಯ ದಿನ ಧೂಳಿನಲ್ಲಿ ಕಣ್ಣಿಗೆ ಏನೂ ಕಾಣದಿದ್ದಾಗ ಪಕ್ಕದವನು ಅದನ್ನೇ ಓದಿ ಹೇಳುತ್ತಾನೆ, ಓಡಿಸುವವನು ಅದನ್ನೇ ನಂಬುತ್ತಾನೆ. ಜಿರ್ಯೆಸನ ಅಕ್ಷರ ಮುತ್ತು ಪೋಣಿಸಿದಂತೆ. ತಪ್ಪು ಹುಡುಕಿದರೂ ಸಿಗುವುದಿಲ್ಲ.

ಆರನೆಯ ಕಿಲೋಮೀಟರಿನ ಹತ್ತಿರ ಅವನು ಓದಿದ, “ಕಪ್ಪು ಗುಡಾರ ದಾಟಿದ ಮೇಲೆ ಬಲಕ್ಕೆ, ಕಡಿದಾದ ತಿರುವು.”

ವಸ್ಫಿ ಎಡಗಡೆ ಕಪ್ಪು ಗುಡಾರ ಕಂಡ, ದಾಟಿದ, ಬಲಕ್ಕೆ ತಿರುಗಿಸಿದ. ಅಲ್ಲಿ ರಸ್ತೆಯೇ ಇರಲಿಲ್ಲ. ಕಾರು ಎರಡು ಕಲ್ಲುಗಳ ನಡುವೆ ನುಸುಳಿ, ಒಣ ಹಳ್ಳದೊಳಕ್ಕೆ ಇಳಿದು, ಮೂತಿಯನ್ನು ಮರಳಿಗೆ ಊರಿ ನಿಂತಿತು. ಇಬ್ಬರಿಗೂ ಏನೂ ಆಗಿರಲಿಲ್ಲ. ಕಾರಿಗೂ ಏನೂ ಆಗಿರಲಿಲ್ಲ, ಅದು ಇನ್ನೂ ಹೊಟ್ಟೆ ಉರಿಸುವ ಸಂಗತಿ. ಎಂಜಿನು ಗುರುಗುಟ್ಟುತ್ತಿದೆ, ಚಕ್ರ ತಿರುಗುತ್ತಿದೆ, ಗಾಡಿ ಮಾತ್ರ ಅಲುಗುತ್ತಿಲ್ಲ.

ವಸ್ಫಿ ಹೆಲ್ಮೆಟ್ ಕೂಡ ತೆಗೆಯದೆ ಮೇಷ್ಟರ ಮೇಲೆ ಹರಿಹಾಯ್ದ. ಮಕ್ಕಳಿಗೆ ಎರಡೆರಡಲ ನಾಲ್ಕು ಕಲಿಸುವವನಿಗೆ ಎಡ ಬಲ ಗೊತ್ತಾಗುವುದಿಲ್ಲವೇ ಎಂದ. ಎಂಟು ವರ್ಷದಿಂದ ನಿನ್ನನ್ನು ಹೊತ್ತು ತಿರುಗಿದ್ದಕ್ಕೆ ಇದೇ ಬಹುಮಾನವೇ ಎಂದ. ಜಿರ್ಯೆಸ್ ಎಲ್ಲ ಮುಗಿಯುವವರೆಗೆ ಕಾದು, ಪುಸ್ತಕ ತೆರೆದು, ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ವಸ್ಫಿಯನ್ನು ಅವನು ಕರೆಯುವುದು ಹಿರಿಮಗನ ಹೆಸರು ಹಿಡಿದು, ಅಬೂ ಲೈತ್, ಲೈತನ ಅಪ್ಪ ಎಂದು.

“ಅಬೂ ಲೈತ್, ಹೇಳಿದ್ದು ನೀನು. ನಾನು ಬರ್ದಿದ್ದು ಅಷ್ಟೇ. ಗುಡಾರ ಎದ್ದು ಹೋಗೋ ವಸ್ತು, ಬೇಡ ಅಂದೆ. ಬರಿ ಬರಿ, ಎಲ್ಲಿಗೆ ಹೋಗತ್ತೆ ಅಂದೆ ನೀನು.”

ಅದು ನಿಜವಾಗಿತ್ತು. ಅದಕ್ಕೇ ವಸ್ಫಿಗೆ ಇನ್ನೂ ಸಿಟ್ಟು ಬಂತು. ಅಲೆಮಾರಿ ಬೆದೂಯಿನರ ಗುಡಾರ ಮೇಕೆಗಳ ಹಿಂದೆ ಹೋಗುತ್ತದೆ ಎಂದು ಮಾದಬಾದ ಹಸುಗೂಸಿಗೂ ಗೊತ್ತು. ಅವನ ಸ್ವಂತ ಅಜ್ಜ ಅಂಥ ಗುಡಾರದಲ್ಲೇ ಹುಟ್ಟಿದವನು.

ಅಷ್ಟರಲ್ಲಿ ಗುಡಾರದ ಯಜಮಾನನೇ ಇಳಿದು ಬಂದ. ಎಪ್ಪತ್ತು ದಾಟಿದ, ನೆಟ್ಟಗಿನ ಮುದುಕ, ಹೆಸರು ಅಬೂ ಹಾಯಿಲ್. ಒಂದು ಕೈಯಲ್ಲಿ ಉದ್ದ ಮೂತಿಯ ಕಾಫಿ ಪಾತ್ರೆ, ಇನ್ನೊಂದು ಕೈಯಲ್ಲಿ ಹಿಡಿಯಿಲ್ಲದ ಪುಟ್ಟ ಬಟ್ಟಲು. ಹಳ್ಳದಲ್ಲಿ ಮೂತಿ ಊರಿ ನಿಂತ ಕಾರನ್ನು ಅವನು ನೋಡಲೇ ಇಲ್ಲ, ಮನೆಗೆ ಬಂದವರನ್ನು ನೋಡುವಂತೆ ಇಬ್ಬರನ್ನೂ ನೋಡಿದ. ಗುಡಾರ ಯಾಕೆ ಜಾಗ ಬಿಟ್ಟಿತು ಎಂದು ವಸ್ಫಿ ಹಲ್ಲು ಕಚ್ಚಿಕೊಂಡು ಕೇಳಿದ. ಹೋದ ವರ್ಷ ನಿಮ್ಮ ಧೂಳೆಲ್ಲ ನಾವು ಬಿಸಿಲಿಗಿಟ್ಟ ಮೊಸರಿನ ಉಂಡೆಗಳ ಮೇಲೆ ಕೂತಿತು, ಅದಕ್ಕೆ ನಿನ್ನೆ ಮುನ್ನೂರು ಹೆಜ್ಜೆ ಈಚೆ ಬಂದೆವು, ಇಲ್ಲಿಂದ ನೀವು ಬರುವುದೂ ಚೆನ್ನಾಗಿ ಕಾಣುತ್ತದೆ ಎಂದು ಮುದುಕ ಬಹಳ ಸಂತೋಷದಿಂದ ವಿವರಿಸಿದ.

ಮೇಲೆ ಗುಡಾರದ ಪಕ್ಕದಲ್ಲೇ ಒಂದು ಪಿಕಪ್ ಗಾಡಿ ನಿಂತಿತ್ತು. ಮುದುಕನೂ ಅದನ್ನೇ ತೋರಿಸಿದ, ಹಗ್ಗ ಕಟ್ಟಿ ಎಳೆದರೆ ಆಯಿತಲ್ಲ ಎಂದ. ಇನ್ನೊಂದು ಗಾಡಿ ಮುಟ್ಟಿದರೆ ರ‍್ಯಾಲಿಯಿಂದ ಹೊರಗೆ, ಮನುಷ್ಯರು ಕೈಯಲ್ಲಿ ತಳ್ಳಿದರೆ ತಪ್ಪಿಲ್ಲ ಎಂದು ವಸ್ಫಿ ತಿಳಿಸಿ ಹೇಳಬೇಕಾಯಿತು. ಎರಡು ಸಲ ಹೇಳಬೇಕಾಯಿತು. ಇಂಥ ನಿಯಮ ಮಾಡಿದವರ ಬುದ್ಧಿಯ ಬಗ್ಗೆ ಮುದುಕ ಒಂದು ಮಾತು ಆಡಿದ, ಅದನ್ನು ಇಲ್ಲಿ ಬರೆಯುವುದು ಬೇಡ. ಹಂತದ ಕೊನೆ ಮುಟ್ಟಲು ಗೊತ್ತುಮಾಡಿದ ಹೊತ್ತಿಗಿಂತ ಮೂವತ್ತು ನಿಮಿಷ ತಡವಾದರೂ ಹೆಸರು ಗೆರೆಯ ಮೇಲೆ ಉಳಿಯುತ್ತದೆ, ಮೂವತ್ತೊಂದಾದರೆ ಕೆಳಗೆ. ಜಿರ್ಯೆಸ್ ಗಡಿಯಾರ ಹಿಡಿದು ನಿಂತು, ಕೇಳಿದವರಿಗೂ ಕೇಳದವರಿಗೂ ನಿಮಿಷ ಹೇಳುತ್ತಿದ್ದ. ಆಗಲೇ ಆರು ನಿಮಿಷ ತಡವಾಗಿತ್ತು.

“ಮೊದ್ಲು ಕಾಫಿ,” ಎಂದ ಅಬೂ ಹಾಯಿಲ್, ಬಟ್ಟಲಿಗೆ ಬಗ್ಗಿಸಿ ಚಾಚುತ್ತ.

ಬೇಡವೆನ್ನುವಂತಿಲ್ಲ. ಕುಡಿದರೆ ಎರಡನೆಯದು, ಎರಡನೆಯದರ ಮೇಲೆ ಮೂರನೆಯದು, ನಡುವೆ ಅಪ್ಪ ಯಾರು, ಅಜ್ಜ ಯಾರು, ಯಾವ ಮನೆತನ. ವಸ್ಫಿಗೆ ಇದ್ದದ್ದು ಒಂದೇ ದಾರಿ. ಅವನು ಬಟ್ಟಲನ್ನು ತುಟಿಗೆ ತಾಗಿಸದೆ ಮುಂದಿನ ಕಲ್ಲಿನ ಮೇಲೆ ಇಟ್ಟು ಸುಮ್ಮನೆ ನಿಂತ. ಹಾಗೆ ಇಟ್ಟರೆ ಬಂದವನಿಗೆ ಏನೋ ಆಗಬೇಕಾಗಿದೆ ಎಂದರ್ಥ. ಕೊಟ್ಟವನು ಅದನ್ನು ನಡೆಸಿಕೊಡುವವರೆಗೆ ಆ ಕಾಫಿ ಹಾಗೇ ಆರುತ್ತದೆ, ಆರಿದಷ್ಟೂ ಕೊಟ್ಟವನಿಗೇ ಅವಮಾನ. ಮದುವೆ ಮಾತೂ ಹಾಗೇ ಮುಗಿಯುವುದು, ಕೊಲೆಯ ರಾಜಿಯೂ ಹಾಗೇ.

ಮುದುಕನ ಮುಖ ಗಂಭೀರವಾಯಿತು. “ಕುಡಿ ಮಗನೇ. ನಿನ್ನ ಕೆಲ್ಸ ಆಯ್ತು ಅಂದ್ಕೋ.”

ವಸ್ಫಿ ಕುಡಿದು ಮುಗಿಸುವುದರೊಳಗೆ ಮುದುಕ ತಿರುಗಿ ಬೆಟ್ಟದ ಕಡೆ ಒಂದು ಕೂಗು ಹಾಕಿದ. ಅವನ ಐವರು ಗಂಡುಮಕ್ಕಳು ಮೇಲಿನ ಬಂಡೆಯ ಮೇಲೆ ಕುಳಿತು ರ‍್ಯಾಲಿ ನೋಡುತ್ತಿದ್ದವರು ಎದ್ದು ಇಳಿಯತೊಡಗಿದರು. ಓಡಿ ಬರಬಹುದಿತ್ತು. ಅತಿಥಿಗಳ ಮುಂದೆ ಓಡುವುದು ಗಂಡಸರಿಗೆ ಭೂಷಣವಲ್ಲ ಎಂದೋ ಏನೋ, ನಡೆದೇ ಬಂದರು. ವಸ್ಫಿ ಹೆಲ್ಮೆಟ್ಟಿನೊಳಗೆ ತನಗೆ ಬರುವ ಬೈಗುಳಗಳನ್ನೆಲ್ಲ ಒಮ್ಮೆ ಎಣಿಸಿ ಮುಗಿಸಿ, ಮೊದಲಿನಿಂದ ಶುರುಮಾಡಿದ.

ಆ ಹೊತ್ತಿನಲ್ಲೇ ಜಿರ್ಯೆಸನಿಗೆ ಮರ್ಯಾದೆ ಉಕ್ಕಿತು. ಪಾಪ ಇಷ್ಟು ಉಪಚಾರ ಮಾಡುತ್ತಿದ್ದಾರೆ, ನಾವು ಬರಿಗೈಯಲ್ಲಿ ನಿಲ್ಲುವುದೇ ಎಂದು ಕಾರಿನ ಸೀಟಿನಡಿಯಿಂದ ತನ್ನ ಫ್ಲಾಸ್ಕು ತೆಗೆದ. ಮನೆಯಿಂದ ಏಲಕ್ಕಿ ಹಾಕಿಸಿ ತಂದಿದ್ದ ಕಾಫಿಯನ್ನು ಅದರ ಮುಚ್ಚಳಕ್ಕೆ ಬಗ್ಗಿಸಿ, ಇದು ನಮ್ಮ ಮನೆ ಎಂದುಕೊಳ್ಳಿ ಎಂದು ಕಾರಿನ ಕಡೆ ಕೈ ತೋರಿಸಿ ಮುದುಕನಿಗೆ ಕೊಟ್ಟ. ಮುದುಕ ಎರಡೂ ಕೈಯಲ್ಲಿ ತೆಗೆದುಕೊಂಡ. ಕುಡಿಯಲಿಲ್ಲ, ಹಿಡಿದು ನಿಂತ. ವಸ್ಫಿ ಅದನ್ನು ಗಮನಿಸಲಿಲ್ಲ, ಅವನ ಕಣ್ಣೆಲ್ಲ ಚಕ್ರದ ಮೇಲಿತ್ತು.

ಐವರು ಬಂದು ಹೆಗಲು ಕೊಟ್ಟಾಗ ಮೂತಿ ಎದ್ದಿತು, ಹಿಂದಕ್ಕೆ ಜಾರಿತು, ಮತ್ತೆ ಎದ್ದಿತು. ಕೊನೆಗೆ ಕಾರು ಹಳ್ಳ ಹತ್ತಿ ರಸ್ತೆಗೆ ಬಂದು ನಿಂತಾಗ ಜಿರ್ಯೆಸ್ ಹದಿನೆಂಟು ಎಂದ. ಉಳಿದದ್ದು ಹನ್ನೆರಡು ನಿಮಿಷ. ದಾರಿ ಒಂಬತ್ತು ಕಿಲೋಮೀಟರ್. ಮುಂದೆ ಎಲ್ಲೂ ನಿಲ್ಲದಿದ್ದರೆ ಆರಾಮವಾಗಿ ಸಾಕು. ವಸ್ಫಿ ಸೀಟಿಗೆ ಬಿದ್ದು ಬೆಲ್ಟು ಬಿಗಿಯುತ್ತಿದ್ದ. ಈ ಸಲ ಆಗುತ್ತದೆ ಎಂದು ಅವನಿಗೆ ಮೊದಲ ಬಾರಿ ನಿಜವಾಗಿ ಅನ್ನಿಸಿತು.

ಆಗ ಅಬೂ ಹಾಯಿಲ್ ಬಂದು ಮುಚ್ಚಳವನ್ನು ಕಾರಿನ ಬಾನೆಟ್ಟಿನ ಮೇಲೆ ಇಟ್ಟ. ತುಂಬಿದ್ದು ತುಂಬಿದ ಹಾಗೇ ಇತ್ತು. ಇಟ್ಟು ಕೈಕಟ್ಟಿ ನಿಂತ.

ಇಂಥ ಗಳಿಗೆಯಲ್ಲಿ ಏನು ಎಂದು ಕೇಳಿ ಆಮೇಲೆ ಮಾತು ಕೊಡಬೇಕು. ಎಂಥ ದಡ್ಡನಿಗೂ ಅಷ್ಟು ತಿಳಿಯುತ್ತದೆ. ಆದರೆ ಬಟ್ಟಲು ಕೆಳಗಿಟ್ಟವನಿಗೆ ಕುಡಿ, ಆಯಿತು ಎನ್ನುವುದನ್ನು ವಸ್ಫಿ ತಂದೆಯ ಮಡಿಲಲ್ಲಿ ಕುಳಿತು ಕೇಳಿ ಬೆಳೆದವನು. ಅದು ಯೋಚಿಸಿ ಆಡುವ ಮಾತಲ್ಲ, ಸೀನಿದ ಹಾಗೆ ತಾನಾಗಿ ಬರುವಂಥದು. ಸ್ಟಿಕ್ಕರ್ ಕೇಳಬಹುದು, ಮೊಮ್ಮಗನಿಗೆ ಫೋಟೋ ಕೇಳಬಹುದು ಎಂಬ ಅರ್ಧ ಯೋಚನೆಯೂ ಇತ್ತೇನೋ.

“ಕುಡಿ ಚಿಕ್ಕಪ್ಪ, ನೀನು ಕೇಳಿದ್ದು ಆಯ್ತು,” ಎಂದು ಕಿಟಕಿಯಿಂದ ಕೂಗಿದ. “ಬೇಗ ಹೇಳು.”

ಮುದುಕ ಮೊದಲು ಕಾಫಿಯನ್ನು ಒಂದೇ ಗುಟುಕಿಗೆ ಕುಡಿದ. ಬಾಯಿ ಒರೆಸಿಕೊಂಡ. ಆಮೇಲೆ ಹೇಳಿದ, “ನನ್ನನ್ನ ಕರ್ಕೊಂಡು ಹೋಗು. ಕೊನೇವರೆಗೆ.”

ವಸ್ಫಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಅರ್ಥವಾಗದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಕಾರಿನಲ್ಲಿ ಇರುವುದು ಎರಡೇ ಸೀಟು, ಹಿಂದೆ ಬರೀ ಕಬ್ಬಿಣದ ಕೊಳವೆಗಳ ಪಂಜರ. ಹೊರಟಾಗ ಯಾರಿಬ್ಬರು ಇದ್ದರೋ ಮುಟ್ಟುವಾಗಲೂ ಅವರಿಬ್ಬರೇ ಇರಬೇಕು, ಇಲ್ಲದಿದ್ದರೆ ಕಾರು ಲೆಕ್ಕಕ್ಕಿಲ್ಲ. ಇದನ್ನೆಲ್ಲ ಅವನು ಹೇಳಿದ. ಮೊದಲು ಮೆತ್ತಗೆ ಹೇಳಿದ, ಆಮೇಲೆ ಗಟ್ಟಿಯಾಗಿ ಹೇಳಿದ. ಸಾಯಂಕಾಲ ಬರುತ್ತೇನೆ, ನಾಳೆ ಬರುತ್ತೇನೆ, ಹತ್ತು ಸಲ ಬೇಕಾದರೂ ಕೊನೆಯವರೆಗೆ ಸುತ್ತಿಸಿಕೊಂಡು ಬರುತ್ತೇನೆ ಎಂದ. ಸಮುದ್ರದ ದಂಡೆಗೇ ಕರೆದೊಯ್ದು ಮೀನು ಊಟ ಹಾಕಿಸುತ್ತೇನೆ ಎಂದ, ಮೃತ ಸಮುದ್ರದಲ್ಲಿ ಮೀನೇ ಇಲ್ಲ ಎಂಬುದು ಆ ಕ್ಷಣಕ್ಕೆ ಮರೆತುಹೋಗಿತ್ತು.

“ನಾಳೆ ಅಲ್ಲೇನಿರತ್ತೆ?” ಎಂದ ಮುದುಕ. “ಮೇಕೆ ಹೊಡ್ಕೊಂಡು ಆ ಜಾಗಕ್ಕೆ ನೂರು ಸಲ ಹೋಗಿದೀನಿ. ಕಲ್ಲಿದೆ, ಮುಳ್ಳಿದೆ. ಹನ್ನೊಂದು ವರ್ಷದಿಂದ ನೋಡ್ತಾ ಇದೀನಿ ಮಗನೇ, ಬೆನ್ನಿಗೆ ಬೆಂಕಿ ಬಿದ್ದ ಹಾಗೆ ಓಡ್ತೀರಿ ಎಲ್ಲಾರೂ. ಒಬ್ನೂ ನಿಲ್ಲಲ್ಲ. ಅಂಥದ್ದೇನಿದೆ ಅಲ್ಲಿ ಅಂತ ನೋಡ್ಬೇಕು ನಂಗೆ. ಇವತ್ತು ಮಾತ್ರ ಇರತ್ತೆ ಅದು.”

ವಸ್ಫಿ ಜಿರ್ಯೆಸನ ಕಡೆ ನೋಡಿದ. ಕಾರು ಹತ್ತು, ಗೇರು ಹಾಕುತ್ತೇನೆ, ಮುದುಕ ಸಿಟ್ಟಾದರೆ ಆಗಲಿ, ನಾಳೆ ಒಂದು ಕುರಿ ತಂದು ಕಾಲಿಗೆ ಬೀಳುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಜಿರ್ಯೆಸ್ ರಸ್ತೆಯಲ್ಲೇ ನಿಂತಿದ್ದ, ಹೆಲ್ಮೆಟ್ ಆಗಲೇ ಕೈಯಲ್ಲಿತ್ತು.

“ನಮ್ಮ ಕಾಫಿ ಕುಡ್ದಿದಾರೆ, ಅಬೂ ಲೈತ್. ನೀನು ಆಯ್ತು ಅಂದಿದ್ದು ಐದು ಗಂಡುಮಕ್ಕಳು ಕೇಳಿದಾರೆ. ನಾನಂತೂ ಹತ್ತಲ್ಲ.”

“ಆ ಹಾಳು ಕಾಫಿ ಕೊಡು ಅಂತ ನಿಂಗೆ ಯಾರು ಹೇಳಿದ್ರು?”

“ಯಾರಾದ್ರೂ ಹೇಳ್ಬೇಕಾ?” ಎಂದ ಮೇಷ್ಟ್ರು, ನಿಜವಾಗಿಯೂ ಆಶ್ಚರ್ಯದಿಂದ.

ವಸ್ಫಿ ಸ್ಟೇರಿಂಗಿಗೆ ಹಣೆ ಒತ್ತಿ ಕುಳಿತ. ಅಳು ಬರುವಷ್ಟು ಸಿಟ್ಟು ಬಂದಿತ್ತು. ಮುದುಕನ ಮೇಲೆ, ಮೇಷ್ಟರ ಮೇಲೆ, ಮೇಕೆಗಳ ಮೇಲೆ, ಏಲಕ್ಕಿಯ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ ತನ್ನ ನಾಲಿಗೆಯ ಮೇಲೆ. ಒಬ್ಬನೇ ಹೊರಟುಬಿಟ್ಟರೂ ಲೆಕ್ಕಕ್ಕಿಲ್ಲ, ಮುದುಕನನ್ನು ಹತ್ತಿಸಿಕೊಂಡರೂ ಲೆಕ್ಕಕ್ಕಿಲ್ಲ. ಗೆರೆಯ ಕೆಳಗಿನ ಸಾಲು ಆಗಲೇ ಬರೆದಾಗಿತ್ತು. ಅವನು ಕೈ ಚಾಚಿ ಪಕ್ಕದ ಬಾಗಿಲು ತೆಗೆದ.

ಹೆಲ್ಮೆಟ್ ಹಾಕಲು ಮುದುಕ ತಲೆಯ ರುಮಾಲಿನ ಮೇಲೆ ಬಿಗಿದಿದ್ದ ಕಪ್ಪು ಹುರಿಯನ್ನು ತೆಗೆದು ಹಿರಿಮಗ ಹಾಯಿಲನ ಕೈಗೆ ಕೊಟ್ಟ, ರುಮಾಲು ತೆಗೆಯಲು ಮಾತ್ರ ಒಪ್ಪಲಿಲ್ಲ. ಅದರ ಮೇಲೇ ಹೆಲ್ಮೆಟ್ ತುರುಕಿದ್ದಾಯಿತು. ಬೆಲ್ಟು ಬಿಗಿಯುವಾಗ ಇದೇನು ನನ್ನನ್ನು ಕತ್ತೆಗೆ ಕಟ್ಟುವ ಹೊರೆ ಅಂದುಕೊಂಡಿರಾ ಎಂದು ಕೇಳಿದ. ಜಿರ್ಯೆಸನನ್ನು ಮಕ್ಕಳು ಆಗಲೇ ಊಟಕ್ಕೆಂದು ಗುಡಾರದ ಕಡೆ ಕರೆದೊಯ್ಯುತ್ತಿದ್ದರು. ಟಿಪ್ಪಣಿ ಪುಸ್ತಕವನ್ನು ಅವನು ಮರೆತು ಜೇಬಿನಲ್ಲೇ ಇಟ್ಟುಕೊಂಡು ಹೋಗಿದ್ದ.

ಮೊದಲ ಒಂದು ಕಿಲೋಮೀಟರ್ ವಸ್ಫಿ ಹಾಲಿನ ಗಾಡಿ ಓಡಿಸುವವನಂತೆ ಓಡಿಸಿದ. ಸೋತಾಗಿದೆ, ಇನ್ನು ಯಾವ ಅವಸರ.

“ನಿಂಗೆ ಮೈ ಸರಿ ಇಲ್ವಾ?” ಎಂದ ಮುದುಕ. “ನಾನು ಮೇಲಿಂದ ನೋಡೋವಾಗ ಹೀಗೆ ಹೋಗ್ತಿರ್ಲಿಲ್ಲ ನೀವು. ಓಡ್ಸು. ಮುಂದೆ ಬಲಕ್ಕೆ ತಿರುಗತ್ತೆ, ಆದ್ರೆ ನೀನು ಒಳಗಡೆ ಹಿಡ್ಕೋ, ಹೊರಗಡೆ ನೀರು ಕೊರ್ದಿದೆ.”

ತಿರುವು ಬಂತು. ಒಳಗಡೆ ಹಿಡಿದ. ಹೊರಗಡೆ ನೀರು ಕೊರೆದಿತ್ತು, ಮೊಣಕಾಲುದ್ದ. ಅಲ್ಲಿಂದ ಮುಂದೆ ಮುದುಕ ಒಂದೊಂದಾಗಿ ಹೇಳುತ್ತ ಹೋದ. ಇದು ಉಸುಕು, ನಿಲ್ಲಿಸಬೇಡ. ಇದು ಗಟ್ಟಿ ನೆಲ, ಬಿಡು. ಈ ದಿಬ್ಬದಾಚೆ ದಾರಿ ಎಡಕ್ಕೆ ಹೋದಂತೆ ಕಾಣುತ್ತದೆ, ಹೋಗುವುದಿಲ್ಲ, ನೆಟ್ಟಗೆ ಹೋಗು, ನನ್ನ ಎರಡು ಮೇಕೆ ಅಲ್ಲೇ ಸತ್ತಿದ್ದು. ಅರವತ್ತು ವರ್ಷ ಬರಿಗಾಲಲ್ಲಿ ನಡೆದ ದಾರಿಯನ್ನು ಅವನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ನಿಜವಾಗಿಯೂ ಮುಚ್ಚಿಕೊಂಡಿದ್ದ, ಹೆದರಿಕೆಗೆ. ವಸ್ಫಿಯ ಕಾಲು ತಾನಾಗಿ ಕೆಳಗೆ ಹೋಯಿತು. ಈ ಎಂಟು ವರ್ಷದಲ್ಲಿ ಅವನು ಇಷ್ಟು ಚೆನ್ನಾಗಿ ಓಡಿಸಿರಲಿಲ್ಲ. ಲೆಕ್ಕಕ್ಕಿಲ್ಲದ ದಿನವೇ ಇದು ಬರಬೇಕೇ ಎಂದು ಅದಕ್ಕೂ ಅವನಿಗೆ ಮೈ ಉರಿಯಿತು. ಉರಿಯುತ್ತಲೇ ಓಡಿಸಿದ.

ಕೊನೆಯ ದಿಬ್ಬ ಇಳಿದಾಗ ಎರಡು ಕಬ್ಬಿಣದ ಕಂಬಗಳು ಕಂಡವು. ನಡುವೆ ಬಟ್ಟೆ, ಒಂದು ಕಡೆಯ ಹಗ್ಗ ಸಡಿಲವಾಗಿ ಜೋತುಬಿದ್ದಿತ್ತು. ಕಾರು ಅದರಡಿ ಹಾದು ಮೇಜಿನ ಪಕ್ಕ ನಿಂತಿತು. ದಪ್ಪ ಮೀಸೆಯ ಅಧಿಕಾರಿ ಗಡಿಯಾರ ನೋಡಿ, ಇಪ್ಪತ್ತೊಂಬತ್ತು ನಿಮಿಷ ತಡ, ಮೂವತ್ತರೊಳಗೆ ಇದೀಯ, ಅಂತೂ ಬಂದೆಯಲ್ಲೋ ಎಂದು ನಗುತ್ತ ಹಾಳೆಯ ಮೇಲೆ ಪೆನ್ನು ಇಟ್ಟ. ಆಮೇಲೆ ಬಗ್ಗಿ ಪಕ್ಕದ ಸೀಟನ್ನು ನೋಡಿದ. ಹೆಲ್ಮೆಟ್ಟಿನಡಿಯಿಂದ ಬಿಳಿ ಗಡ್ಡವೂ ಕೆಂಪು ಚೌಕುಳಿ ರುಮಾಲೂ ಹೊರಗೆ ಬಂದಿದ್ದವು.

“ಇವ್ರು ಯಾರು? ಮೇಷ್ಟ್ರೆಲ್ಲಿ?”

“ಊಟ ಮಾಡ್ತಿದಾರೆ,” ಎಂದ ವಸ್ಫಿ.

ಅಧಿಕಾರಿ ಪೆನ್ನು ಎತ್ತಿ, ಬೇಸರದಿಂದಲೇ, ಗೆರೆಯ ಕೆಳಗೆ ಬರೆದ.

ಅಬೂ ಹಾಯಿಲ್ ಬೆಲ್ಟು ಬಿಚ್ಚಿಸಿಕೊಂಡು ಇಳಿದ. ಬಾಗಿಲು ಹಿಡಿದು ನಿಂತು ಸುತ್ತಲೂ ನೋಡಿದ. ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ, ನೀರಿನ ಬಾಟಲಿಗಳ ಒಂದು ಕಟ್ಟು, ತಲೆಯ ಮೇಲೆ ಜೋತುಬಿದ್ದ ಬಟ್ಟೆ. ಕಲ್ಲು. ಮುಳ್ಳು. ಮೇಜಿನ ಹಿಂದೆಯೂ ಹೋಗಿ ನೋಡಿ ಬಂದ.

“ಇಷ್ಟೇನಾ?” ಎಂದ.

“ಇಷ್ಟೇ.”

“ಇದಕ್ಕಾ ಹನ್ನೊಂದು ವರ್ಷದಿಂದ ಹಾಗೆ ಓಡಿದ್ದು ನೀವೆಲ್ಲಾ?”

ಬೆಳಗಿನಿಂದ ನುಂಗಿದ್ದನ್ನೆಲ್ಲ ಹೇಳಲು ವಸ್ಫಿ ಬಾಯಿ ತೆರೆದ. ಆದರೆ ಅವನ ಕಣ್ಣು ಕಂಬಗಳ ಮೇಲಿತ್ತು, ಬಟ್ಟೆಯ ಮೇಲೆ ವಕ್ರವಕ್ರವಾಗಿ ಬರೆದಿದ್ದ ಆ ಒಂದು ಪದದ ಮೇಲಿತ್ತು. ಎಷ್ಟು ನೋಡಿದರೂ ಅಲ್ಲಿಂದ ಕೀಳಲು ಆಗುತ್ತಿರಲಿಲ್ಲ. ಅವನ ದನಿ ಅವನಿಗೇ ಬೇರೆಯಾಗಿ ಕೇಳಿಸಿತು.

“ನಂಗೇನು ಗೊತ್ತು ಚಿಕ್ಕಪ್ಪ. ನಾನೂ ಇವತ್ತೇ ನೋಡ್ತಿರೋದು.”

ಮುದುಕ ಅವನನ್ನು ತಿರುಗಿ ನೋಡಿದ. ಮುಖದ ಮೇಲಿದ್ದ ನಿರಾಸೆ ಹೋಗಿ ಏನೋ ನಾಚಿಕೆಯಂಥದು ಬಂತು. ಅವನು ಕಾರನ್ನು ಸುತ್ತಿ ಈ ಕಡೆ ಬಂದು ವಸ್ಫಿಯ ಬಾಗಿಲು ತೆಗೆದು ಹಿಡಿದ.

“ಹಾಗಾದ್ರೆ ಇಳಿ ಮಗನೇ,” ಎಂದ. “ಸರಿಯಾಗಿ ನೋಡು.”

ವಸ್ಫಿ ಇಳಿದ.